ಮುಯ್ಯಾಳಿಗೆ ಕೂಲಿ ಇಲ್ಲ

ಚಿಕ್ಕಬೀರಮ್ಮನ ಮನೆಗೆ ಸರ್ಕಾರದ ನೋಟೀಸು ಬಂದ ದಿನ ಕೊಪ್ಪಲಿನವರೆಲ್ಲ ಅಯ್ಯೋ ಪಾಪ ಅಂದಿದ್ದು ಚಿಕ್ಕಬೀರಮ್ಮನಿಗಲ್ಲ, ನೋಟೀಸು ತಂದವನಿಗೆ. ಆ ಹೆಂಗಸಿನ ಬಾಯಿ ಅಂಥದ್ದು. ಗಾವಡಗೆರೆ ಹೋಬಳಿಯಲ್ಲಿ ಅವಳ ಜೊತೆ ಜಗಳಕ್ಕೆ ನಿಂತು ಗೆದ್ದವರು ಯಾರಾದರೂ ಇದ್ದರೆ ಅವರು ಇನ್ನೂ ಹುಟ್ಟಬೇಕು. ತಂದವನು ಪಾಪದವನು, ಅವಳ ಕೈಗೆ ಕಾಗದ ಕೊಟ್ಟು ಹೆಬ್ಬೆಟ್ಟಿಗೆ ಅಂತ ಮಸಿಡಬ್ಬಿ ತೆಗೆದ. "ಹೆಬ್ಬೆಟ್ಟು ನಿಮ್ಮವ್ವನ ಕೈಲಿ ಒತ್ಸು, ನಂಗೆ ರುಜು ಮಾಡಕ್ ಬತ್ತದೆ" ಅಂದಳು. ಆಮೇಲೆ ಅದೇ ಬಾಯಲ್ಲಿ, "ಬಿಸ್ಲಲ್ಲಿ ಬಂದಿದ್ದೀಯ, ಮಜ್ಜಿಗೆ ಕುಡ್ಕೊಂಡು ಓಗು" ಅಂತಲೂ ಅಂದಳು. ಅವಳ ಲೆಕ್ಕದಲ್ಲಿ ಬೈಗುಳ ಬೇರೆ, ಮಜ್ಜಿಗೆ ಬೇರೆ.

ಕಾಗದದಲ್ಲಿ ಇದ್ದ ವಿಷಯ ಮಾತ್ರ ಮಜ್ಜಿಗೆ ಕುಡಿದು ಮರೆಯುವಂಥದ್ದಲ್ಲ. ಊರಾಚೆ ಗೋಮಾಳದ ಅಂಚಿನಲ್ಲಿ ಅವಳ ಹೆಸರಿಗೆ ಮಂಜೂರಾಗಿದ್ದ ಎರಡು ಎಕರೆಯನ್ನು ಸರ್ಕಾರ ಯಾಕೆ ವಾಪಸು ತೆಗೆದುಕೊಳ್ಳಬಾರದು, ಉತ್ತರ ಹೇಳಿ ಅಂತ ಇತ್ತು. ಅವಳಿಗೆ ಇದ್ದದ್ದೇ ಆ ಎರಡು ಎಕರೆ. ಅವಳೂ ಅವಳ ಗಂಡ ಸಣ್ಣಯ್ಯನೂ ಲಂಟಾನದ ಮೆಳೆ ಕಿತ್ತು, ಕಲ್ಲು ಆಯ್ದು ಬದುವಿಗೆ ಹಾಕಿ, ಹೊಲ ಅನ್ನುವಂತೆ ಮಾಡಿದ್ದ ಜಾಗ. ಸಾಗುವಳಿ ಚೀಟಿ ಕೈಗೆ ಬರುವ ಹೊತ್ತಿಗೆ ಅವಳ ಮಗಳು ರಾಧಾ ಮದುವೆಯಾಗಿ ಮಿರ್ಲೆಗೆ ಹೋಗಿ ಎರಡು ಮಕ್ಕಳ ತಾಯಿಯಾಗಿದ್ದಳು. ಅಷ್ಟು ಕಾದು ಪಡೆದ ಭೂಮಿ.

ತಪ್ಪು ಎಲ್ಲಿ ಆಯಿತು ಅಂತ ಹೇಳುತ್ತೇನೆ ಕೇಳಿ. ಆಷಾಢದಲ್ಲಿ ಆ ಕಡೆ ಹೊಗೆಸೊಪ್ಪಿನ ಕೆಲಸ ಮೈಮೇಲೆ ಬಿದ್ದಿರುತ್ತದೆ. ಸೊಪ್ಪು ಮುರಿಯಬೇಕು, ಕಡ್ಡಿಗೆ ಕಟ್ಟಬೇಕು, ಬ್ಯಾರನ್ನಿಗೆ, ಅಂದರೆ ಸೊಪ್ಪು ಕಾಯಿಸಿ ಒಣಗಿಸುವ ಮನೆಗೆ, ಏರಿಸಿ ಬೆಂಕಿ ಹಾಕಬೇಕು. ಮುರಿದ ಸೊಪ್ಪು ನಾಳೆವರೆಗೆ ಕಾಯುವುದಿಲ್ಲ. ಅದೇ ಹೊತ್ತಿಗೆ ಸರಿಯಾಗಿ ರಾಗಿ ಹೊಲ ಉಳುವ ಹದ. ಹೀಗೆ ಎಲ್ಲ ಒಟ್ಟಿಗೆ ಬಂದಾಗ ಆ ಕಡೆಯವರು ಮಾಡುವುದು ಮುಯ್ಯಾಳು. ಇವತ್ತು ನಾನು ನಿನ್ನ ಕೆಲಸಕ್ಕೆ ಬರುತ್ತೇನೆ, ನಾಳೆ ನೀನು ನನ್ನ ಕೆಲಸಕ್ಕೆ ಬಾ. ದುಡ್ಡಿನ ಮಾತಿಲ್ಲ. ಮುಯ್ಯಾಳಿಗೆ ಬಂದವರಿಗೆ ಊಟ ಹಾಕಬೇಕು, ತಿರುಗಿ ಅವರ ಹೊಲಕ್ಕೆ ಹೋಗಬೇಕು, ಅಷ್ಟೇ. ಮುಯ್ಯಾಳಿಗೆ ಬಂದವನ ಕೈಗೆ ನೋಟು ಇಟ್ಟರೆ ಅವನು ಆ ಮನೆ ಮೆಟ್ಟಿಲು ಇನ್ನೊಂದು ಸಲ ಹತ್ತುವುದಿಲ್ಲ. ನನ್ನನ್ನು ಏನಂದುಕೊಂಡರು ಇವರು ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ.

ಚಿಕ್ಕಬೀರಮ್ಮನ ಮುಯ್ಯಿ ಪಕ್ಕದ ಹೊಲದ ಕಂಠಪ್ಪನ ಜೊತೆ. ಅವನಿಗೂ ಅವಳ ಜೊತೆಯಲ್ಲೇ ಅಲ್ಲೇ ಎರಡು ಎಕರೆ ಮಂಜೂರಾಗಿತ್ತು. ಅವನ ಹತ್ತಿರ ಟ್ರ್ಯಾಕ್ಟರ್ ಇತ್ತು, ಬ್ಯಾರನ್ ಇತ್ತು; ಅವಳ ಹತ್ತಿರ ಸೊಪ್ಪು ಕಟ್ಟುವ ಕೈ ಇತ್ತು. ಅವಳ ಕೈ ಓಡುವ ವೇಗಕ್ಕೆ ಕಡ್ಡಿ ಎಟುಕಿಸಿ ಕೊಡುವವರು ಸುಸ್ತಾಗುತ್ತಿದ್ದರು. ಅವನು ಅವಳ ಹೊಲ ಉತ್ತು ಕೊಡುತ್ತಿದ್ದ, ಅವಳು ಅವನ ಬ್ಯಾರನ್ ತುಂಬುವ ತನಕ ಸೊಪ್ಪು ಕಟ್ಟಿಕೊಡುತ್ತಿದ್ದಳು. ಇದು ಬಹಳ ವರ್ಷದಿಂದ ನಡೆದುಕೊಂಡು ಬಂದದ್ದು.

ಇಲಾಖೆಯವರು ಸ್ಥಳ ತನಿಖೆಗೆ ಬಂದದ್ದು ಹಾಗೆ ಮುಯ್ಯಿ ನಡೆಯುತ್ತಿದ್ದ ದಿನವೇ. ಯಾವ ಇಲಾಖೆ ಅಂತ ಹೆಸರು ಬೇಡ ಬುಡಿ, ಇನ್ನೊಂದು ನೋಟೀಸು ಯಾಕೆ. ಬಂದ ಅಧಿಕಾರಿ ಹೊಲದಲ್ಲಿ ನೋಡಿದರೆ ಚಿಕ್ಕಬೀರಮ್ಮನೂ ಇಲ್ಲ, ಸಣ್ಣಯ್ಯನೂ ಇಲ್ಲ; ಕಂಠಪ್ಪ ಟ್ರ್ಯಾಕ್ಟರ್ ಮೇಲೆ ಕೂತು ಉಳುತ್ತಿದ್ದಾನೆ.

"ಯಾರಪ್ಪ ಈ ಹೊಲ ಮಾಡ್ತಿರೋದು?"

"ಕಾಣ್ತಾ ಇಲ್ವಾ ಸಾ? ನಾನೇ ಉಳ್ತಾ ಇವ್ನಿ" ಅಂದ ಕಂಠಪ್ಪ.

ಅವಳನ್ನು ಕರೆಸಿದರು. ಬ್ಯಾರನ್ ಹತ್ತಿರದಿಂದ ಸೊಪ್ಪಿನ ಅಂಟು ಮೆತ್ತಿದ ಕಪ್ಪು ಕೈಯಲ್ಲೇ ಬಂದಳು. "ಇವನಿಗೆ ಎಷ್ಟು ಕೂಲಿ ಕೊಡ್ತೀಯಮ್ಮ?" ಅಂತ ಕೇಳಿದರು. ಆ ಪ್ರಶ್ನೆಯೇ ಅವಳಿಗೆ ಅವಮಾನ.

"ಕೂಲಿಯಾ? ಒಂದ್ರುಪಾಯಿನೂ ಕೊಟ್ಟಿಲ್ಲ. ಅದನ್ನ ಈಸ್ಕೊಳೋ ಮನ್ಸನೂ ಅಲ್ಲ ಅವ್ನು" ಅಂತ ಎದೆ ಸೆಟೆಸಿ ಹೇಳಿದಳು. ಕಂಠಪ್ಪನೂ ಹೆಮ್ಮೆಯಿಂದ ತಲೆ ಆಡಿಸಿದ. ಇಬ್ಬರೂ ಮರ್ಯಾದೆ ಉಳಿಸಿಕೊಂಡೆವು ಅಂದುಕೊಂಡರು. ಅಧಿಕಾರಿ ಬರೆದುಕೊಂಡು ಹೋದ.

ಕಾನೂನಿನಲ್ಲಿ ಇದ್ದದ್ದು ಇಷ್ಟು: ಮಂಜೂರಾದ ಜಮೀನನ್ನು ಮಂಜೂರಾದವರೇ ಸಾಗುವಳಿ ಮಾಡಬೇಕು, ತಾವು ದುಡಿಯಬಹುದು, ಮನೆಯವರು ದುಡಿಯಬಹುದು, ಕೂಲಿ ಕೊಟ್ಟು ಆಳು ಇಟ್ಟುಕೊಳ್ಳಬಹುದು, ಗೇಣಿಗೆ ಮಾತ್ರ ಕೊಡಬಾರದು. ಇದರಲ್ಲಿ ತಕರಾರಿಲ್ಲ. ಆದರೆ ಹಿಂದಿನ ವರ್ಷ ಇಲಾಖೆ ಒಂದು ಸುತ್ತೋಲೆ ಹೊರಡಿಸಿತ್ತು. ಕೂಲಿ ಕೊಡದೆ ಹೊರಗಿನವರಿಂದ ಸಾಗುವಳಿ ಮಾಡಿಸಿದರೆ ಅದನ್ನು ಗೇಣಿ ಎಂದೇ ತಿಳಿಯತಕ್ಕದ್ದು ಅಂತ. ಅಲ್ಲಿಗೆ ಆಯಿತಲ್ಲ! ಕಂಠಪ್ಪ ಹೊರಗಿನವನು, ಕೂಲಿ ಕೊಟ್ಟಿಲ್ಲ ಅಂತ ಅವಳ ಬಾಯಲ್ಲೇ ಬಂದಿದೆ, ಆದ್ದರಿಂದ ಅವನು ಗೇಣಿದಾರ. ಜಮೀನು ವಾಪಸು.

ವಿಚಾರಣೆಗೆ ಕರೆದ ದಿನ ಆ ಅಧಿಕಾರಿಯೇನೂ ರಾಕ್ಷಸನಂತೆ ನಡೆದುಕೊಳ್ಳಲಿಲ್ಲ. ಕುರ್ಚಿ ಹಾಕಿಸಿ ಕೂರಿಸಿದ. "ನೋಡಿ ಅಮ್ಮ, ಕೂಲಿ ಕೊಟ್ಟಿದ್ದೆ, ಅವತ್ತು ಬಾಯಿ ತಪ್ಪಿ ಹಂಗಂದೆ ಅಂತ ಬರೆದುಕೊಡಿ. ಇಲ್ಲೇ ಮುಗಿಸಿಬಿಡ್ತೀನಿ" ಅಂದ.

"ಕೊಡದೇ ಇರೋದ ಕೊಟ್ಟೆ ಅನ್ಲಾ?"

"ಎಲ್ಲರೂ ಹಾಗೇ ಬರೆದುಕೊಡ್ತಾ ಇದ್ದಾರೆ. ನಿಮಗೇನು ಕಷ್ಟ?"

ಸಣ್ಣಯ್ಯ ಪಕ್ಕದಲ್ಲಿ ಕೂತು ಅವಳ ಸೆರಗು ಎಳೆದ. ಅವನು ಸರ್ಕಾರ ಅಂದರೆ ಗಡಗಡ ನಡುಗುವವನು. ಬಸ್ ಕಂಡಕ್ಟರ್ ಖಾಕಿ ಹಾಕಿದ್ದಾನೆ ಅಂತ ಅವನಿಗೂ ಕೈಮುಗಿಯುವ ಗಿರಾಕಿ. ಚಿಕ್ಕಬೀರಮ್ಮ ಸೆರಗು ಬಿಡಿಸಿಕೊಂಡಳು. "ಮುಯ್ಯಾಳಿಗೆ ಕೂಲಿ ಇಲ್ಲ ಸ್ವಾಮಿ. ಅದೆಂಗೆ ಬರ್ಕೊತೀರೋ ಬರ್ಕಳಿ" ಅಂದಳು. ಮಂಜೂರಾತಿ ರದ್ದಾಯಿತು. ಮೇಲಿನ ಕಚೇರಿಗೆ ಹೋದರೆ ಅಲ್ಲಿಯವರು, ನಮ್ಮದೇನಿದೆ, ಸುತ್ತೋಲೆ ನಮ್ಮ ತಲೆ ಮೇಲೆ ಕೂತಿದೆ, ಅದನ್ನು ಮೀರುವ ಹಾಗಿಲ್ಲ ಅಂತ ಅದನ್ನೇ ಎತ್ತಿ ಹಿಡಿದರು.

ಆಗ ಅವಳು ಗಂಡನನ್ನೂ ಕರೆದುಕೊಂಡು ಬಸ್ಸು ಹತ್ತಿ ಹುಣಸೂರಿಗೆ ಹೋದಳು, ಲಾಯರು ಮಧುಶ್ರೀಯ ಆಫೀಸಿಗೆ. ಕಂಪಲಾಪುರದ ಹುಡುಗಿ, ರೈತರ ಮನೆಯವಳು, ಮೂವತ್ತರ ಆಸುಪಾಸು. ಗೊಬ್ಬರದ ಅಂಗಡಿ ಮಹಡಿ ಮೇಲೆ ಆಫೀಸು. ಮೆಟ್ಟಿಲು ಹತ್ತುವಾಗಲೇ ಯೂರಿಯಾ ವಾಸನೆ. ಮಧುಶ್ರೀ ಕಾಗದಗಳನ್ನು ಪೂರ್ತಿ ಓದುವ ತನಕ ಒಂದು ಮಾತೂ ಆಡಲಿಲ್ಲ. ಚಿಕ್ಕಬೀರಮ್ಮನಿಗೆ ಅದು ಹಿಡಿಸಿತು. ಓದದೆ ಮಾತಾಡುವವರನ್ನು ಅವಳು ಈಗಾಗಲೇ ಸಾಕಷ್ಟು ನೋಡಿದ್ದಳು.

"ಅಮ್ಮ, ಇದು ಹೈಕೋರ್ಟಿಗೆ ಹೋಗೋ ಕೇಸು" ಅಂದಳು ಮಧುಶ್ರೀ.

"ಕಾನೂನಿನ ಅರ್ಥ ಇದೇ ಅಂತ ಸರ್ಕಾರದೋರೇ ಯೋಳ್ಬುಟ್ಟವ್ರಲ್ಲವ್ವ. ಇನ್ ಕೋಲ್ಟ್‌ನೋರು ಏನ್ಮಾಡಾರು?" ಅಂತ ಸಣ್ಣಯ್ಯ ನಡುವೆ ಬಾಯಿ ಹಾಕಿದ.

ಮಧುಶ್ರೀ ನಕ್ಕಳು. "ಸಣ್ಣಯ್ಯನೋರೆ, ಕಾನೂನು ಮಾಡೋದು ವಿಧಾನಸಭೆ. ಅದನ್ನ ನಡೆಸೋದು ಇಲಾಖೆ. ನಡೆಸುವಾಗ ಅವರು ತಮಗೆ ತಿಳಿದ ಹಾಗೆ ಒಂದು ಅರ್ಥ ಮಾಡ್ಕೋಬೇಕಾಗುತ್ತೆ, ಅದು ತಪ್ಪಲ್ಲ. ಆದ್ರೆ ಆ ಅರ್ಥ ಸರಿಯೋ ತಪ್ಪೋ ಅಂತ ಕೊನೇಲಿ ಹೇಳೋದು ಕೋರ್ಟು. ಇಲಾಖೆ ತನ್ನ ಆಟಕ್ಕೆ ತಾನೇ ಅಂಪೈರ್ ಆಗಕ್ಕಾಗಲ್ಲ."

"ಅಂಗ್ಯೋಳು!" ಅಂತ ಚಿಕ್ಕಬೀರಮ್ಮ ಮೇಜು ಕುಟ್ಟಿದಳು. "ಇಷ್ಟ್ ದಿನ ಇದ ಯಾವನೂ ಯೋಳಿರ್ನಿಲ್ಲ ಕಣವ್ವ. ಎಲ್ಲಾ ಸುತ್ತೋಲೆ ಸುತ್ತೋಲೆ ಅಂತ ನನ್ನ ಸುತ್ತುಸ್ತಾ ಅವ್ರೆ."

ಹೈಕೋರ್ಟು ಅರ್ಜಿ ತೆಗೆದುಕೊಂಡು, ತೀರ್ಮಾನ ಆಗುವವರೆಗೆ ಅವಳನ್ನು ಹೊಲದಿಂದ ಎಬ್ಬಿಸಬಾರದು ಅಂತ ತಡೆ ಕೊಟ್ಟಿತು. ಹೊಲ ಉಳಿಯಿತು, ಹೊಲಕ್ಕೆ ಬರುವ ಜನ ಉಳಿಯಲಿಲ್ಲ. ಅವಳ ಹೊಲಕ್ಕೆ ಕಾಲಿಟ್ಟರೆ ನಮ್ಮ ಹೆಸರೂ ಬರೆದುಕೊಳ್ಳುತ್ತಾರೆ ಅಂತ ಎಲ್ಲರಿಗೂ ಭಯ. ದಾರಿಯಲ್ಲಿ ಸಿಕ್ಕವರು ಚೆನ್ನಾಗೇ ಮಾತಾಡುತ್ತಿದ್ದರು, ಕಳೆ ಕೀಳಕ್ಕೆ ಬಾರೇ ಅಂದರೆ ಸೊಂಟ ನೋವು ಅನ್ನುತ್ತಿದ್ದರು. ಊರಿಗೆ ಊರೇ ಸೊಂಟ ಹಿಡಿದುಕೊಂಡು ಓಡಾಡಿತು. ಕಂಠಪ್ಪನಂತೂ ಅವಳನ್ನು ಕಂಡರೆ ಟ್ರ್ಯಾಕ್ಟರ್ ತಿರುಗಿಸಿಕೊಂಡು ಹೋಗುತ್ತಿದ್ದ. ರಾಗಿ ಕಳೆ ಕಿತ್ತಿದ್ದು, ಕುಯ್ದಿದ್ದು, ಹೊರೆ ಹೊತ್ತಿದ್ದು ಗಂಡ ಹೆಂಡತಿ ಇಬ್ಬರೇ. ಚಿಕ್ಕಬೀರಮ್ಮನಿಗೆ ಮೈ ನೋವಿಗಿಂತ ಯಾರೂ ಬಾರದೆ ಹೋದದ್ದು ಜಾಸ್ತಿ ನೋಯಿಸಿತು. ಮನೆ ಕಳೆದುಕೊಂಡವಳ ಹಾಗೆ ಆಗಿತ್ತು ಅವಳಿಗೆ, ಆದರೆ ಯಾರ ಮುಂದೂ ಹೇಳಲಿಲ್ಲ.

ಯುಗಾದಿ ಕಳೆದು ಕೇಸು ವಿಚಾರಣೆಗೆ ಬರುವ ಹಿಂದಿನ ವಾರ ಕಂಠಪ್ಪ ತಾನಾಗೇ ಬದುವಿನ ಹತ್ತಿರ ಬಂದು ನಿಂತ. ತಲೆ ಎತ್ತಲಿಲ್ಲ.

"ಬೀರಕ್ಕ, ಒಂದ್ ತಪ್ಪು ಮಾಡ್ಬುಟ್ಟಿವ್ನಿ."

"ಒಂದೇನಾ?"

"ನಂಗೂ ನೋಟೀಸ್ ಬಂತು ಕಣಕ್ಕ. ನೀನು ನನ್ ಹೊಲದಲ್ಲಿ ಸೊಪ್ಪು ಮುರ್ದಿದ್ದು, ಕಟ್ಟಿದ್ದು ಅವ್ರಿಗೆ ಗೊತ್ತಾಗ್ಬುಟ್ಟದೆ. ಕೂಲಿ ಕೊಡ್ದೆ ಮಾಡ್ಸಿದ್ರೆ ನಿಂದೂ ಓಯ್ತದೆ ಅಂದ್ರು. ಅದ್ಕೆ..."

"ಅದ್ಕೆ?"

"ನಿಂಗೆ ಕೂಲಿ ಕೊಟ್ಟೆ ಅಂತ ಬರ್ಕೊಟ್ಬುಟ್ಟೆ."

ಚಿಕ್ಕಬೀರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಬಂತು ನೋಡಿ. "ನಿನ್ ಕೈಗೆ ಲಕ್ವ ಒಡ್ಯ! ನನ್ನ ಕೂಲಿಯವ್ಳು ಅಂತ ಬರ್ಸಿದ್ಯೇನ್ಲಾ? ನಿನ್ ಎಂಡ್ತಿ ಬಾಣ್ತನದಲ್ಲಿ ನಿನ್ ಬ್ಯಾರನ್ ತುಂಬ್ಸಿದೋಳು ನಾನು. ಆಗ ಎಷ್ಟ್ ಕೂಲಿ ಕೊಟ್ಟೆ, ಬಾಯ್ಬುಟ್ಟು ಯೋಳ್ಲಾ!" ಬೈಯುತ್ತ ಬೈಯುತ್ತ ಅವಳ ಕಣ್ಣಲ್ಲಿ ನೀರು ಬಂತು. ಕಂಠಪ್ಪ ನಿಂತು ಅಷ್ಟನ್ನೂ ಬೈಸಿಕೊಂಡು ಹೋದ.

ಮಾರನೆಯ ದಿನ ಮಧುಶ್ರೀ ಇದನ್ನು ಕೇಳಿ ಪೆನ್ನು ಕೆಳಗಿಟ್ಟಳು. "ಅಮ್ಮ, ಇದು ನಮಗೆ ಪೆಟ್ಟು. ಕಂಠಪ್ಪ ನಿಮಗೆ ಕೂಲಿ ಕೊಟ್ಟಿದ್ದಾನೆ ಅಂತ ಆದ್ರೆ ನಿಮ್ಮಿಬ್ಬರ ಮಧ್ಯೆ ಮುಯ್ಯಿ ಇರಲಿಲ್ಲ ಅಂತಾಯ್ತು. ನೀವು ಅವನ ಹತ್ರ ಕೂಲಿ ತಗೊಂಡ್ರಿ, ಅವನು ಬಿಟ್ಟಿ ನಿಮ್ಮ ಹೊಲ ಉತ್ತ. ಯಾಕೆ ಬಿಟ್ಟಿ ಉತ್ತ? ಬೆಳೇಲಿ ಪಾಲು ಇರಬೇಕು, ಅದೇ ಗೇಣಿ. ಸರ್ಕಾರಿ ವಕೀಲರು ಹೀಗೇ ಹೇಳ್ತಾರೆ."

"ಈಗೇನ್ ಮಾಡಾದು?"

"ಎರಡು ದಾರಿ ಇದೆ. ನೀವೂ ಅವನಿಗೆ ಕೂಲಿ ಕೊಟ್ಟೆ ಅಂತ ಪ್ರಮಾಣ ಮಾಡಿ ಬರೆದುಕೊಟ್ರೆ ಇಲಾಖೆ ನಾಳೇನೇ ಕೇಸು ಬಿಡುತ್ತೆ, ಹೊಲಕ್ಕೆ ಏನೂ ಆಗಲ್ಲ. ಇಲ್ಲ, ಮುಯ್ಯಿ ಅಂತಲೇ ನಿಂತ್ರೆ ನಾನು ಗಟ್ಟಿಯಾಗಿ ವಾದ ಮಾಡ್ತೀನಿ. ಕಾನೂನು ನಮ್ಮ ಕಡೆ ಇದೆ ಅಂತ ನನಗೆ ಧೈರ್ಯ ಇದೆ. ಆದ್ರೆ ಸೋತ್ರೆ ಹೊಲ ಹೋಗುತ್ತೆ. ಸುಳ್ಳು ಪ್ರಮಾಣ ಮಾಡಿ ಅಂತ ನಾನು ಹೇಳಲ್ಲ, ಅದಕ್ಕೆ ನೀವು ಬೇರೆ ಲಾಯರ್ ನೋಡ್ಕೋಬೇಕು. ಹೀಗೊಂದು ದಾರಿ ಇದೆ ಅನ್ನೋದು ನಿಮಗೆ ಗೊತ್ತಿರಲಿ ಅಷ್ಟೆ."

ಸಣ್ಣಯ್ಯ ಕೈಮುಗಿದೇಬಿಟ್ಟ, ಹೆಂಡತಿಗೆ. "ಬರ್ಕೊಟ್ಬುಡೆ ಬೀರಿ. ಇರಾದೇ ಅದೊಂದು."

ಚಿಕ್ಕಬೀರಮ್ಮ ಕಿಟಕಿಯಾಚೆ ನೋಡಿದಳು. ಕೆಳಗೆ ಯಾರೋ ಗೊಬ್ಬರದ ಮೂಟೆ ಆಟೋಗೆ ತುಂಬಿಸುತ್ತಿದ್ದರು. "ಇಕಾ, ಕೇಳಿಲ್ಲಿ" ಅಂದಳು ಗಂಡನಿಗೆ. "ಈಗ ಕೊಟ್ಟೆ ಅಂತ ಸುಳ್ಳು ಬರ್ಕೊಟ್ರೆ ಬರೋ ವರ್ಸ ನಿಜವಾಗ್ಲೂ ಕೊಡ್ಬೇಕು. ಎಲ್ಲಿಂದ ತತ್ತೀಯ? ದುಡ್ಡಿಲ್ದೋರು ದುಡ್ಡಿಲ್ದೋರ್ ಕೈ ಇಡ್ಕೊಂಡು ಬದುಕ್ ಮಾಡಾದೇ ತಪ್ಪು ಅಂದ್ರೆ, ಆ ಒಲ ನಂಗೆ ಕೊಟ್ಟಿದ್ದಾದ್ರೂ ಯಾಕೆ? ಈ ಮಗ ಗಟ್ಟಿಯಾಗವ್ಳೆ. ನಾನೂ ಗಟ್ಟಿಯಾಗಿವ್ನಿ. ನೀನ್ ನಡುಗ್ತಾ ಇರು, ಪರ್ವಾಗಿಲ್ಲ."

ವಿಚಾರಣೆಯ ದಿನ ಬೆಂಗಳೂರಿಗೆ ಹೋಗುವ ಕೆಲಸ ಇರಲಿಲ್ಲ. ಮಧುಶ್ರೀ ಅದೇ ಆಫೀಸಿನಲ್ಲಿ ಕರಿ ಕೋಟು, ಕೊರಳಿಗೆ ಬಿಳಿ ಬ್ಯಾಂಡು ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂತಳು. ಈಗ ವಿಡಿಯೋದಲ್ಲೇ ವಾದ. ಫ್ಯಾನು ಸದ್ದು ಮಾಡುತ್ತದೆ ಅಂತ ಅದನ್ನೂ ಆರಿಸಿದ್ದಳು. ಹಿಂದೆ ಬೆಂಚಿನ ಮೇಲೆ ಗಂಡ ಹೆಂಡತಿ ಬೆವರುತ್ತ ಕೂತರು. ಕೇಸಿನ ನಂಬರು ಕರೆಯುವುದಕ್ಕೆ ಸ್ವಲ್ಪ ಮುಂಚೆ ಬಾಗಿಲು ತಳ್ಳಿಕೊಂಡು ಕಂಠಪ್ಪ ಬಂದ. ಯಾರೂ ಅವನನ್ನು ಕರೆದಿರಲಿಲ್ಲ. ಚಿಕ್ಕಬೀರಮ್ಮ ಮುಖ ತಿರುಗಿಸಿದಳು. ಅವನು ಬಾಗಿಲ ಹತ್ತಿರವೇ ನಿಂತ.

ನ್ಯಾಯಮೂರ್ತಿಗಳು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಕೂತಿದ್ದ ವಯಸ್ಸಾದವರು. ಬಡಪಾಯಿ ಕಕ್ಷಿದಾರರಿದ್ದಾರೆ, ಎಲ್ಲರೂ ಕನ್ನಡದಲ್ಲೇ ಮಾತಾಡಿ ಅಂದರು. ಚಿಕ್ಕಬೀರಮ್ಮನಿಗೆ ಬಡಪಾಯಿ ಅಂದದ್ದು ಹಿಡಿಸಲಿಲ್ಲ, ಕನ್ನಡ ಅಂದದ್ದು ಹಿಡಿಸಿತು.

ಸರ್ಕಾರಿ ವಕೀಲರು ಜಾಣರು. ಕೂಗಾಡಲಿಲ್ಲ. "ಸ್ವಾಮಿ, ಈ ಕಾನೂನನ್ನು ದಿನಾ ಜಾರಿ ಮಾಡುವುದು ಇಲಾಖೆ. ಯಾರು ಹೇಗೆ ಕಳ್ಳದಾರಿಯಲ್ಲಿ ಗೇಣಿಗೆ ಕೊಡುತ್ತಾರೆ ಅಂತ ಇಲಾಖೆಗೆ ಅನುಭವವಿದೆ. ಅದನ್ನು ತಡೆಯಲೆಂದೇ ಸುತ್ತೋಲೆ. ಸ್ವಂತ ಸಾಗುವಳಿ ಅಂದರೆ ಏನು ಅಂತ ಇಲಾಖೆ ಒಂದು ಅರ್ಥ ಕೊಟ್ಟಿದೆ. ಅದು ಒಪ್ಪುವಂಥ ಅರ್ಥ. ಅದಕ್ಕಿಂತ ಒಳ್ಳೆಯ ಅರ್ಥ ತಮಗೆ ತೋಚಿದರೂ ನ್ಯಾಯಾಲಯ ಕೈಹಾಕಬಾರದು" ಅಂದರು.

"ಇಲಾಖೆಯ ಅನುಭವಕ್ಕೆ ನಾನು ಬೆಲೆ ಕೊಡ್ತೀನಿ. ಆದರೆ ಕಾನೂನು ಏನು ಹೇಳುತ್ತೆ ಅಂತ ನೋಡೋದು ನನ್ನ ಕೆಲಸ. ಅದನ್ನೂ ಇಲಾಖೆಗೇ ಬಿಟ್ಟುಕೊಟ್ಟರೆ ನಾನಿಲ್ಲಿ ಯಾಕೆ ಕೂತಿದ್ದೀನಿ?" ಅಂದರು ನ್ಯಾಯಮೂರ್ತಿ. ಆಮೇಲೆ, "ಮಧುಶ್ರೀ ಅವರೆ, ಹೇಳಿ."

ಮಧುಶ್ರೀ ಮುಂದಕ್ಕೆ ಬಾಗಿದಳು. "ಸ್ವಾಮಿ, ಮೂರು ಮಾತು. ಈ ಕಾನೂನು ಬಂದ ದಿನದಿಂದ ಮುಯ್ಯಾಳು ನಡೀತಿದೆ. ಇದೇ ಇಲಾಖೆ ಅದನ್ನ ನೋಡಿಕೊಂಡೇ ಸಾಗುವಳಿ ಚೀಟಿ ಕೊಟ್ಟಿದೆ. ಅಷ್ಟು ವರ್ಷ ಗೇಣಿ ಅಲ್ಲದ್ದು ಒಂದೇ ಒಂದು ಕಾಗದದಿಂದ ಹೇಗೆ ಗೇಣಿ ಆಯ್ತು? ಎರಡನೇದು, ಗೇಣಿ ಅಂದ್ರೆ ಭೂಮಿ ಇನ್ನೊಬ್ಬನ ಕೈಗೆ ಹೋಗಿ, ಬೆಳೇಲಿ ಪಾಲು ಒಡೆಯನಿಗೆ ಬರೋದು. ಇಲ್ಲಿ ಒಂದು ಸೇರು ರಾಗಿ ಕೂಡ ಕಂಠಪ್ಪನ ಮನೆಗೆ ಹೋಗಿಲ್ಲ, ಬೆಳೆಯೆಲ್ಲ ಇವರ ಮನೇಲಿದೆ. ಮೂರನೇದು, ಕಾನೂನು ಬಯಸಿದ್ದು ಒಡೆಯ ದುಡೀಬೇಕು ಅಂತ. ಕಂಠಪ್ಪ ಇವರ ಹೊಲ ಉಳುವಾಗ ಇವರು ಮನೇಲಿ ಮಲಗಿರಲಿಲ್ಲ, ಅವನ ಸೊಪ್ಪು ಕಟ್ತಾ ಇದ್ರು. ಆ ಉಳುಮೆ ಇವರ ದುಡಿಮೆಯಿಂದಲೇ ಬಂದದ್ದು. ಇಲಾಖೆ ಕಾನೂನಿನ ಅರ್ಥ ಹೇಳ್ತಾ ಇಲ್ಲ ಸ್ವಾಮಿ, ಕಾನೂನಿನಲ್ಲಿ ಇಲ್ಲದ ಒಂದು ಷರತ್ತು ಸೇರಿಸ್ತಾ ಇದೆ."

ಚಿಕ್ಕಬೀರಮ್ಮನಿಗೆ ಎದ್ದು ಆ ಹುಡುಗಿಗೆ ದೃಷ್ಟಿ ತೆಗೆಯಬೇಕು ಅನ್ನಿಸಿತು.

ಆಗ ಸರ್ಕಾರಿ ವಕೀಲರು ಆ ಮಾತು ತೆಗೆದರು. "ಚೆನ್ನಾಗಿ ವಾದಿಸಿದರು. ಆದರೆ ಕಂಠಪ್ಪನೇ ಈಕೆಗೆ ಕೂಲಿ ಕೊಟ್ಟೆ ಅಂತ ಹೇಳಿಕೆ ಕೊಟ್ಟಿದ್ದಾನಲ್ಲ. ಕೂಲಿ ಪಡೆದ ಮೇಲೆ ಮುಯ್ಯಿ ಎಲ್ಲಿ ಬಂತು? ಈಗಲೂ ಈಕೆ ತಾನೂ ಕೂಲಿ ಕೊಟ್ಟಿದ್ದೆ ಅಂತ ಪ್ರಮಾಣಪತ್ರ ಹಾಕಿದರೆ ಇಲಾಖೆ ಮಂಜೂರಾತಿ ವಾಪಸು ಕೊಡುತ್ತದೆ. ಕೇಸು ಮುಗಿಯುತ್ತದೆ."

ನ್ಯಾಯಮೂರ್ತಿಗಳು ಕನ್ನಡಕದ ಮೇಲಿಂದ ನೋಡಿದರು. "ಆ ತಾಯಿ ಅಲ್ಲೇ ಇದ್ದಾರಾ? ಮುಂದೆ ಬನ್ನಿ ಅಮ್ಮ. ಹೊಲ ಉಳಿಸಿಕೊಳ್ಳೋಕೆ ಒಂದು ದಾರಿ ಕೊಡ್ತಾ ಇದ್ದಾರೆ. ನೀವು ಕಂಠಪ್ಪನಿಗೆ ಕೂಲಿ ಕೊಟ್ಟಿದ್ದೀರಾ?"

ಸಣ್ಣಯ್ಯ ಕಣ್ಣು ಮುಚ್ಚಿಕೊಂಡ. ಚಿಕ್ಕಬೀರಮ್ಮ ಸೆರಗು ಸರಿಮಾಡಿಕೊಂಡು ಕ್ಯಾಮೆರಾ ಮುಂದೆ ನಿಂತಳು. ಎರಡು ಎಕರೆಯೂ ಆ ಕ್ಷಣ ಅವಳ ನಾಲಿಗೆಯ ಮೇಲಿತ್ತು.

"ಕೊಟ್ಟಿಲ್ಲ ಸ್ವಾಮಿ. ಅವ್ನು ನಂಗೆ ಕೊಟ್ಟಿಲ್ಲ, ನಾನು ಅವ್ನಿಗೆ ಕೊಟ್ಟಿಲ್ಲ. ನಮ್ಗೆ ಕೂಲಿ ಕೊಟ್ಟು ಗೊತ್ತಿಲ್ಲ, ಕೈ ಕೊಟ್ಟು ಗೊತ್ತು. ಒಲ ಓದ್ರೆ ಓಗ್ಲಿ ಅಂತ ನಾನನ್ನಲ್ಲ, ಅದು ನನ್ ಜೀವ. ಆದ್ರೆ ಸುಳ್ಳೇಳಿ ಉಳ್ಸ್ಕೊಳಲ್ಲ."

"ಹಾಗಾದರೆ ಕಂಠಪ್ಪ ಬರೆದುಕೊಟ್ಟದ್ದು?"

ಇಲ್ಲಿ ಅವಳು ಒಂದು ಮಾತು ಅಂದಿದ್ದರೆ ಸಾಕಾಗಿತ್ತು. ಅವನು ಸುಳ್ಳ ಅಂತ ಕೈ ತೋರಿಸಬಹುದಿತ್ತು, ಬಾಗಿಲಲ್ಲೇ ನಿಂತಿದ್ದ. ಅವನ ಹೊಲವೂ ಅದೇ ಕಾಗದಕ್ಕೆ ಜೋತುಬಿದ್ದಿದೆ ಅನ್ನುವುದು ಅವಳಿಗೆ ಗೊತ್ತಿತ್ತು. ಎಷ್ಟು ಸಿಟ್ಟಿದ್ದರೂ ಅದನ್ನು ಕಿತ್ತುಹಾಕಲು ಅವಳಿಗೆ ಮನಸ್ಸು ಬರಲಿಲ್ಲ.

"ಅದ ನನ್ ಕೇಳ್ಬೇಡಿ ಸ್ವಾಮಿ" ಅಂದಳು.

"ನನ್ನ ಕೇಳಿ ಸ್ವಾಮಿ." ಕಂಠಪ್ಪ ಬಾಗಿಲಿಂದ ಎರಡೇ ಹೆಜ್ಜೆಗೆ ಬಂದು ಅವಳ ಪಕ್ಕ ನಿಂತಿದ್ದ. ತಲೆಯ ಮೇಲಿನ ಟವಲ್ಲು ತೆಗೆದು ಕೈಯಲ್ಲಿ ಹಿಂಡುತ್ತಿದ್ದ. "ನಾನೇ ಕಂಠಪ್ಪ. ಕೂಲಿ ಕೊಟ್ಟೆ ಅಂದಿದ್ದು ಸುಳ್ಳು. ಎದ್ರುಕೊಂಡು ಬರ್ಕೊಟ್ಟೆ. ನಮ್ದು ಮುಯ್ಯಿನೇ. ಇದರಿಂದ ನನ್ ಒಲ ಓಯ್ತದೆ ಅಂತ ಗೊತ್ತು. ನನ್ನ ಜೈಲ್ಗಾಕಿದ್ರೂ ಆಕಿ. ಇವ್ಳು ಕೂಲಿಯವ್ಳಲ್ಲ."

ಸರ್ಕಾರಿ ವಕೀಲರು ಕಾಗದ ಮಗುಚಿದರು. ನ್ಯಾಯಮೂರ್ತಿಗಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇದನ್ನು ಪ್ರಮಾಣಪತ್ರದಲ್ಲಿ ಬರೆದು ಇವತ್ತೇ ಕಳಿಸಿ. ಮಧ್ಯಾಹ್ನ ಆದೇಶ ಹೇಳ್ತೀನಿ" ಅಂದರು.

ಮಧುಶ್ರೀ ಓಡಾಡಿ ನೋಟರಿ ಮಾಡಿಸಿ ಕಳಿಸಿದಳು. ಅಷ್ಟು ಹೊತ್ತೂ ಚಿಕ್ಕಬೀರಮ್ಮ ಕಂಠಪ್ಪನ ಜೊತೆ ಮಾತಾಡಲಿಲ್ಲ. ಆದರೆ ಸಣ್ಣಯ್ಯ ಕೆಳಗಿನಿಂದ ಟೀ ತಂದಾಗ ಒಂದು ಲೋಟ ತೆಗೆದು ಕಂಠಪ್ಪನ ಕಡೆ ತಳ್ಳಿದಳು.

ಮಧ್ಯಾಹ್ನ ನ್ಯಾಯಮೂರ್ತಿಗಳು ಆದೇಶ ಹೇಳಿ ಬರೆಸಿದರು. ಅದು ಉದ್ದ ಇತ್ತು. ಅದರಲ್ಲಿ ಚಿಕ್ಕಬೀರಮ್ಮನ ಕಿವಿಗೆ ಬಿದ್ದು ನಿಂತದ್ದು ಇಷ್ಟು. ಇಲಾಖೆ ತನ್ನ ನೌಕರರಿಗೆ ದಾರಿ ತೋರಿಸಲು ಸುತ್ತೋಲೆ ಹೊರಡಿಸಬಹುದು. ಆದರೆ ಸುತ್ತೋಲೆಯಿಂದ ಕಾನೂನನ್ನು ತಿದ್ದಲಾಗದು. ಇಲಾಖೆಯ ಅರ್ಥವನ್ನು ಈ ನ್ಯಾಯಾಲಯ ಗೌರವದಿಂದ ಓದಿದೆ, ಓದಿ ತಪ್ಪು ಎಂದು ಕಂಡುಕೊಂಡಿದೆ. ದುಡಿಮೆಗೆ ದುಡಿಮೆ ಕೊಡುವುದು ಗೇಣಿಯಲ್ಲ. ಅದು ಒಡೆಯನ ಸ್ವಂತ ದುಡಿಮೆಯೇ. ಸುತ್ತೋಲೆಯ ಆ ಸಾಲು ರದ್ದು. ಮಂಜೂರಾತಿ ರದ್ದು ಮಾಡಿದ ಆದೇಶವೂ ರದ್ದು.

"ಹೊಲ ನಿಮ್ಮದೇ ಅಮ್ಮ" ಅಂತ ಮಧುಶ್ರೀ ಹಿಂದೆ ತಿರುಗಿ ಪಿಸುಗುಟ್ಟಿದಳು. ಸಣ್ಣಯ್ಯ ಕಂಪ್ಯೂಟರಿಗೇ ಅಡ್ಡಬಿದ್ದ. ಚಿಕ್ಕಬೀರಮ್ಮ ಮಾತ್ರ ಕೂತಲ್ಲಿಂದ ಎದ್ದು, "ಸ್ವಾಮಿ, ಒಂದ್ ಮಾತು" ಅಂತ ಕೈಯೆತ್ತಿದಳು. ಮಧುಶ್ರೀ ಬೇಡ ಅಂತ ಕಣ್ಣು ಮಾಡಿದಳು. ಯಾರು ಕೇಳುತ್ತಾರೆ!

"ಹೇಳಿ ಅಮ್ಮ" ಅಂದರು ನ್ಯಾಯಮೂರ್ತಿ.

"ಈ ತೀರ್ಪು ನನ್ನೊಬ್ಳಿಗೋ, ಇವ್ನಿಗೂ ಸೇರ್ತದೋ?"

ನ್ಯಾಯಮೂರ್ತಿಗಳು ಕಂಠಪ್ಪನನ್ನು ನೋಡಿದರು. "ಸುಳ್ಳು ಹೇಳಿಕೆ ಕೊಟ್ಟದ್ದು ತಪ್ಪು. ತಾನಾಗಿ ಬಂದು ತಿದ್ದಿಕೊಂಡಿದ್ದಾನೆ, ಅದಕ್ಕೆ ಎಚ್ಚರಿಕೆ ಸಾಕು ಅಂತ ಬರೆಸ್ತೀನಿ. ಇನ್ನು ಹೊಲದ ಮಾತು. ಕಾನೂನಿಗೆ ನಿಮಗೊಂದು ಅರ್ಥ, ಅವನಿಗೊಂದು ಅರ್ಥ ಇರಲ್ಲ ತಾಯಿ. ಮುಯ್ಯಾಳು ಮಾಡೋ ಎಲ್ಲರಿಗೂ ಇದೇ ಅರ್ಥ."

ಪರದೆ ಆರಿತು. ಕಂಠಪ್ಪ ಟವಲ್ಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತ. ನಿನಗೆ ಅನ್ಯಾಯ ಮಾಡಿದವನ ಹೊಲದ ಮಾತು ಯಾಕೆ ಎತ್ತಿದೆ ಅಂತ ಅಳುವಿನ ನಡುವೆಯೇ ಕೇಳಿದ. ಚಿಕ್ಕಬೀರಮ್ಮ ಅವನ ಎದುರು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಸಾಕು ಬುಡ್ಲಾ, ಎಂಗಸ್ರಂಗೆ" ಅಂದಳು, ತಾನೂ ಮೂಗು ಒರೆಸಿಕೊಳ್ಳುತ್ತ. "ನಿನ್ ಒಲ ಓದ್ರೆ ನಾನ್ ಯಾರ್ ಜೊತೆ ಮುಯ್ಯಿ ಮಾಡ್ಲಿ?"